ಸೌತಾಲ್‌ನ ಬೆಳಗಿನ ಕೀರ್ತನೆ, ನಮ್ಮೂರ ಹಳೇ ಜಗಳ

ಲಂಡನ್‌ನ ಪಶ್ಚಿಮಕ್ಕಿರುವ ಸೌತಾಲ್ ಕಡೆ ಮನೆ ಮಾಡಿದವರು ಒಂದಲ್ಲ ಒಂದು ದಿನ ಗುರುದ್ವಾರದ ಪಂಕ್ತಿಯಲ್ಲಿ ಕೂತೇ ಕೂರುತ್ತಾರೆ. ಹ್ಯಾವ್‌ಲಾಕ್ ರಸ್ತೆಯ ಶ್ರೀ ಗುರು ಸಿಂಗ್ ಸಭಾದ ಈಗಿನ ಕಟ್ಟಡ 2003ರಲ್ಲಿ ತೆರೆದದ್ದು. ಸುಳ್ಳೇಕೆ, ನಾನು ಹೋಗುತ್ತಿದ್ದದ್ದು ಲಂಗರಿನ, ಅಂದರೆ ಗುರುದ್ವಾರದ ಸಾಮೂಹಿಕ ಊಟದ, ದಾಲ್‌ಗೆ. ಈಗ ಭಾನುವಾರ ಬೇಗ ಎದ್ದು ಗುರು ನಾನಕರ ‘ಆಸಾ ದಿ ವಾರ್’ ಎಂಬ ದೀರ್ಘ ಪದ್ಯದ ಕೀರ್ತನೆಗೂ ಹೋಗುತ್ತೇನೆ.

ಉಡುಪಿ ಕಡೆಯವನಾದ ನಾನು ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಜಗಳ ಕೇಳಿಯೇ ಬೆಳೆದವನು. ಅಜ್ಜ ಸತ್ಯವೆನ್ನುವ ಮಧ್ವರ ಪಕ್ಷ, ಪಕ್ಕದ ಮನೆಯ ಭಟ್ಟರು ಮಿಥ್ಯೆಯೆನ್ನುವ ಶಂಕರರ ಪಕ್ಷ. ಗುರು ನಾನಕರು ಯಾರ ಕಡೆ ಎಂಬ ಕುತೂಹಲ ಸಹಜವೇ.

ಆ ವಾರ್‌ನಲ್ಲಿ ನಾನಕರು ದೇವರಿಗೆ ಹೇಳುತ್ತಾರೆ: ‘ಸಚೇ ತೇರೇ ಖಂಡ್, ಸಚೇ ಬ್ರಹ್ಮಂಡ್’. ನಿನ್ನ ಖಂಡಗಳೂ ಸತ್ಯ, ಬ್ರಹ್ಮಾಂಡಗಳೂ ಸತ್ಯ. ಅಜ್ಜ ಗೆದ್ದರು ಅನ್ನುವಷ್ಟರಲ್ಲಿ ಅದೇ ವಾರ್‌ನಲ್ಲಿ ರಾಜ ಸುಳ್ಳು, ಪ್ರಜೆ ಸುಳ್ಳು, ಮಹಡಿ ಸುಳ್ಳು, ಚಿನ್ನ ಬೆಳ್ಳಿ ಸುಳ್ಳು, ಅದನ್ನು ತೊಟ್ಟವರೂ ಸುಳ್ಳು ಎಂದು ಸಾಲು ಸಾಲಾಗಿ ಬರುತ್ತದೆ. ಪಟ್ಟಿಯ ಕೊನೆಗೆ ಕಾರಣವಿದೆ: ಯಾರೊಡನೆ ಗೆಳೆತನ ಮಾಡಲಿ, ಜಗವೆಲ್ಲ ಹೊರಟುಹೋಗುವಂಥದ್ದು. ಸುಳ್ಳೆಂದರೆ ಇಲ್ಲವೆಂದಲ್ಲ, ನಿಲ್ಲದು ಎಂದು. ಹಗ್ಗದಲ್ಲಿ ಹಾವು ಕಂಡಂತೆ ಜಗತ್ತೂ ಬರೀ ಭ್ರಮೆ ಎನ್ನುವ ಭಟ್ಟರ ಕಥೆ ಇಲ್ಲಿ ನಡೆಯುವುದಿಲ್ಲ. ನಿಲ್ಲದ್ದನ್ನು ‘ನನ್ನದು’ ಎಂದು ಹಿಡಿದುಕೊಳ್ಳುವ ಅಹಂಕಾರವನ್ನು ಸಿಖ್ಖರು ಹೌಮೈ ಅನ್ನುತ್ತಾರೆ. ತೊಡಕೆಲ್ಲ ಅಲ್ಲಿದೆ.

ಎರಡನೆಯ ಗುರು ಅಂಗದರ ಶ್ಲೋಕವೊಂದೂ ಇದೇ ವಾರ್‌ನೊಳಗಿದೆ. ಈ ಜಗ ಸತ್ಯನ ಕೊಠಡಿ, ಸತ್ಯನ ವಾಸ ಇದರೊಳಗೇ ಎನ್ನುತ್ತದೆ. ಅಲ್ಲಿಯವರೆಗೆ ಅಜ್ಜನೂ ತಲೆದೂಗುತ್ತಿದ್ದರೇನೋ. ಆದರೆ ಐದನೆಯ ಗುರು ಅರ್ಜನರು ‘ಸುಖಮನಿ’ಯಲ್ಲಿ ನಿರ್ಗುಣನೂ ಅವನೇ, ಸಗುಣನೂ ಅವನೇ ಎಂದಾಗ ಸಕಲ ಗುಣಗಳಿಂದ ಪೂರ್ಣನೆಂಬ ಅಜ್ಜನ ದೇವರಿಗೆ ಸಂಚಕಾರ. ಸಾಲದ್ದಕ್ಕೆ ಸಿಖ್ಖರ ಗ್ರಂಥದ ಮೊದಲಲ್ಲೇ ಬರುವ ಮೂಲ ಮಂತ್ರ ದೇವರನ್ನು ‘ಅಜೂನೀ’, ಯಾವ ಯೋನಿಯಲ್ಲೂ ಹುಟ್ಟದವನು ಎನ್ನುತ್ತದೆ. ಅವತಾರಕ್ಕೆ ಜಾಗವೇ ಇಲ್ಲ. ಕೃಷ್ಣನೂರಿನ ಅಜ್ಜ ಎಲೆ ಬಿಟ್ಟು ಎದ್ದೇಬಿಡುತ್ತಿದ್ದರು! ಇನ್ನು ಸೃಷ್ಟಿಯಾದ ತಿಥಿ, ವಾರ, ಋತು ಪಂಡಿತರಿಗೂ ತಿಳಿಯದು, ಯೋಗಿಗೂ ತಿಳಿಯದು, ಮಾಡಿದವನಿಗೇ ಗೊತ್ತು ಎನ್ನುತ್ತದೆ ಸಿಖ್ಖರ ಬೆಳಗಿನ ಪ್ರಾರ್ಥನೆ ಜಪ್‌ಜಿ. ಪಂಚಾಂಗದ ಮನೆಯಲ್ಲಿ ಬೆಳೆದ ನನಗೆ ಅದು ಬಲು ಇಷ್ಟ.

ಜಗತ್ತು ದೇವರ ಕೊಠಡಿಯಾದ ಮೇಲೆ ಅದನ್ನು ಬಿಟ್ಟು ಕಾಡಿಗೆ ಹೋಗುವ ಮಾತೇಕೆ? ನಾನಕರು ಕೊನೆಯ ವರ್ಷಗಳಲ್ಲಿ ಕರ್ತಾರ್‌ಪುರದಲ್ಲಿ ಹೊಲ ಉತ್ತರು, ಸಂಸಾರ ಮಾಡಿದರು. ಲಂಗರಿನಲ್ಲಿ ರೊಟ್ಟಿ ಬಡಿಸುವವರು ‘ಪರ್ಶಾದಾ ಜೀ’ ಎನ್ನುತ್ತಾ ಬರುತ್ತಾರೆ. ಎರಡೂ ಅಂಗೈ ಜೋಡಿಸಿ ಒಡ್ಡಬೇಕು, ತಟ್ಟೆಗೆ ಹಾಕುವುದಿಲ್ಲ. ಬೀಜಿಯೊಬ್ಬರು, ಅಂದರೆ ಹಿರಿಯ ಪಂಜಾಬಿ ಅಮ್ಮನೊಬ್ಬರು, ನನ್ನ ಚಾಚಿದ ಒಂದು ಕೈ ನೋಡಿ, “ಪುತ್ತರ್, ದೂಸರಾ ಹಾಥ್?” ಎಂದು ನಕ್ಕರು.

ಇಷ್ಟಕ್ಕೆಲ್ಲ ವಿಮಾನ ಹತ್ತಬೇಕಿಲ್ಲ. ನಮ್ಮ ಬೀದರ್‌ನಲ್ಲೇ ನಾನಕ್ ಝೀರಾ ಗುರುದ್ವಾರ ಇದೆ. ಗುರು ಗೋಬಿಂದ್ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು, ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರೆಂಬುದು ಪರಂಪರೆಯ ನಂಬಿಕೆ. ಹೋದವರು ಝರಿಯ ನೀರು ಕುಡಿದು, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಬೆಳಗಿನ ಜಾವ ಹೋಗಿ, ಕೀರ್ತನೆ ಮುಗಿಯುವವರೆಗೂ ಕೂತು ಬನ್ನಿ.