ಪುತ್ತರಿ, ಹುತ್ತರಿ ಮತ್ತು ಪೊಲಿ

ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಮುಹೂರ್ತ ನಿಶ್ಚಯವಾದ ಸುದ್ದಿ ಬಂದಾಗಲೆಲ್ಲ ನನ್ನ ಮನಸ್ಸು ಹಬ್ಬದ ಹೆಸರಿನ ಮೇಲೆಯೇ ನಿಲ್ಲುತ್ತದೆ. ಕೊಡವರ ಮಾತಾದ ಕೊಡವ ತಕ್ಕಿನಲ್ಲಿ ಅದು ಪುತ್ತರಿ, ಎಂದರೆ ಹೊಸ ಅಕ್ಕಿ. ಪಾಲು ಹಾಲಾದ, ಪೂ ಹೂವಾದ ದಾರಿಯಲ್ಲೇ ಕನ್ನಡದ ಬಾಯಲ್ಲಿ ಪುತ್ತರಿಯೂ ಹುತ್ತರಿಯಾಯಿತು. ಆದರೆ ಕೊನೆಯ ‘ಅರಿ’ ಅಕ್ಕಿಯಾಗದೆ ಹಾಗೆಯೇ ಉಳಿಯಿತು. ಎರಡು ಭಾಷೆಗಳು ಒಂದೇ ಗದ್ದೆಯ ಬದುವಿನಲ್ಲಿ ನಡೆದಾಡಿದ ಗುರುತು ಆ ಮೂರು ಅಕ್ಷರಗಳಲ್ಲಿದೆ.

ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದ, ಕನ್ನಡದ ಒಂದು ಬಗೆಯಾದ ಅರೆಭಾಷೆಯನ್ನಾಡುವ ಗೌಡರ ಮನೆ ನಮ್ಮದು. ಬೆಳದಿಂಗಳಲ್ಲಿ ಕದಿರು ತೆಗೆಯುವಾಗ ನಾವೂ ಕೊಡವರೂ ಕೂಗುವುದು ‘ಪೊಲಿ ಪೊಲಿ ದೇವಾ’ ಎಂದೇ. ಸಮೃದ್ಧಿ ಎಂಬರ್ಥದ ಈ ‘ಪೊಲಿ’ಯನ್ನು ಘಟ್ಟದ ಕೆಳಗಿನ ತುಳುವರೂ ಬಲ್ಲರು. ಹಬ್ಬದ ಹೆಸರನ್ನು ತನ್ನ ನಾಲಗೆಗೆ ಒಗ್ಗಿಸಿಕೊಂಡ ಕನ್ನಡ ಈ ಕೂಗಿನ ಪಕಾರವನ್ನು ಮಾತ್ರ ಮುಟ್ಟಲಿಲ್ಲ. ಮನುಷ್ಯರ ನಡುವೆ ಓಡಾಡುವ ಮಾತು ಬೇಗ ಸವೆಯುತ್ತದೆ, ದೇವರಿಗೆ ಹೇಳುವ ಮಾತನ್ನು ಯಾರೂ ತಿದ್ದುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಕದಿರಿಗೆ ಕತ್ತಿ ಹಾಕುವ ಹೊತ್ತಿಗೆ ಹಾರಿಸುವ ಕೋವಿಯೂ ಹೊರಗಿನಿಂದ ಬಂದದ್ದೇ. 1861ರಲ್ಲಿ ಬ್ರಿಟಿಷರು ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟರು, ಕೋವಿ ಅವರ ಮನೆಗಳಲ್ಲೇ ಉಳಿಯಿತು. ಇಂದು ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಕೋವಿಯ ಬಾಯಿಗೆ ತೋಕ್‌ಪೂ, ಎಂದರೆ ಕೋವಿಹೂವು, ಇಟ್ಟು ಪೂಜಿಸುವಾಗ ಅದು ಪರದೇಶದ ವಸ್ತುವೆಂದು ಯಾರಿಗೂ ಅನ್ನಿಸುವುದಿಲ್ಲ.

ಕಾಫಿಯ ಕತೆಯನ್ನು ಇಷ್ಟು ಹಗುರವಾಗಿ ಹೇಳಲಾರೆ. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಐರೋಪ್ಯ ತೋಟ ಆರಂಭವಾದ ಮೇಲೆ ಕಾಡಿನ ಇಳಿಜಾರು ತೋಟವಾಯಿತು, ಹಣ ಬಂತು, ಮಕ್ಕಳು ಓದಿದರು. ನಮ್ಮ ಮನೆಯೂ ಅದರಿಂದಲೇ ನಿಂತಿದೆ. ಆದರೆ ತಲೆತಲಾಂತರದಿಂದ ಇತರರ ಗದ್ದೆಗಳಲ್ಲಿ ಜೀತಕ್ಕೆ ದುಡಿದ ಯರವ ಬುಡಕಟ್ಟಿನವರು ತೋಟಗಳ ಲೈನ್‌ಮನೆ, ಎಂದರೆ ಕೂಲಿಯವರ ಸಾಲುಮನೆ, ಸೇರಿದರು, ಅವರ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಅವರ ರಾವುಳ ಭಾಷೆಯನ್ನು ಕಲಿಯಲು ನಮ್ಮಲ್ಲಿ ಯಾರೂ ಮುಂದಾಗಿಲ್ಲ. ಸಂಸ್ಕೃತಿಗಳ ಕೊಡುಕೊಳೆ ಎನ್ನುವಾಗ ಕೊಟ್ಟವರು ಯಾರು, ಕೊಂಡವರು ಯಾರು ಎಂದು ಕೇಳದಿರುವುದು ನನಗೆ ಅನ್ಯಾಯವೆನಿಸುತ್ತದೆ.

ತೋಟದ ಕೆಲಸಕ್ಕೇ ಜನ ಸಾಲದೆ ನಮ್ಮ ಗದ್ದೆ ನಾಟಿ ಕಾಣದೆ ನಾಲ್ಕು ವರ್ಷವಾಯಿತು. ಕಳೆದ ಹುತ್ತರಿಗೆ ಪಕ್ಕದ ಕೊಡವ ಮನೆಯವರು ತಮ್ಮ ಗದ್ದೆಯಲ್ಲಿ ನಮಗೂ ಒಂದು ಮೂಲೆ ಬಿಟ್ಟಿದ್ದರು. ಅವರ ಹಿರಿಯರು ಕದಿರು ತೆಗೆದ ಬಳಿಕ ಅಪ್ಪ ಕತ್ತಿ ಹಿಡಿದರು, ಎರಡೂ ಮನೆಯವರು ಒಟ್ಟಿಗೆ ಪೊಲಿ ಕೂಗಿದೆವು. ತಂದ ಕದಿರನ್ನು ‘ನೆರೆ’ ಎನ್ನುವ ಹಬ್ಬದ ಎಲೆಕಟ್ಟಿನೊಡನೆ ಕಣಜಕ್ಕೆ ಕಟ್ಟಿದೆವು. ಕಣಜದೊಳಗೆ ಭತ್ತವಿರಲಿಲ್ಲ.