ಮುಳುಗಡೆ ಊರಿನಲ್ಲಿ ಅಳಿಯನ ಮುತ್ತಜ್ಜನ ಹುಡುಕಾಟ

ಮೊದಲು ದುಡ್ಡು ಕಳೆದುಕೊಂಡ ಕಥೆ ಹೇಳಿಬಿಡುತ್ತೇನೆ. ಅಮೆರಿಕದ ಹಳೇ ಸಮಾಧಿಗಳ ದಾಖಲೆ ಹುಡುಕಿಕೊಡುತ್ತೇವೆ ಅಂತ ಒಂದು ವೆಬ್‌ಸೈಟ್ ನಮ್ಮಿಂದ 49 ಡಾಲರ್ ಇಸ್ಕೊಂಡಿತು. ಬಂದಿದ್ದು ಒಂದೇ ಪುಟದ ಪಿಡಿಎಫ್. ಅದರಲ್ಲಿದ್ದದ್ದೆಲ್ಲ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಹುಡುಕುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇನ್ನೂ ತಮಾಷೆ ಏನೆಂದರೆ, ಅವರು ಕೊಟ್ಟ ಸ್ಮಶಾನದ ಗುರುತನ್ನು ಫೋನಿನ ಮ್ಯಾಪಿನಲ್ಲಿ ಒತ್ತಿದರೆ ಅದು ನೀರಿನ ನಡುವೆ ಹೋಗಿ ನಿಂತಿತು!

ನಾನು ಸಾಗರದ ಕಡೆಯವಳು, ಲಿಂಗನಮಕ್ಕಿ ಹಿನ್ನೀರಿನ ಮುಳುಗಡೆ ಕುಟುಂಬ. ನೀರಿನ ನಡುವೆ ಊರಿನ ಹೆಸರು ಕಂಡರೆ ನನಗೆ ಬೇರೆ ಯಾರೂ ವಿವರಿಸಬೇಕಿಲ್ಲ. "ಇದು ಮುಳುಗಡೆ ಕಣೇ" ಎಂದೆ ಮಗಳಿಗೆ. ಹಾಗೇ ಆಯಿತು. ಬಾಸ್ಟನ್‌ಗೆ ಕುಡಿಯುವ ನೀರು ಬೇಕೆಂದು ಮ್ಯಾಸಚೂಸೆಟ್ಸ್‌ನ ನಾಲ್ಕು ಊರುಗಳನ್ನು, ಡಾನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್, 1938ರಲ್ಲಿ ಕಾಗದದ ಮೇಲೇ ಅಳಿಸಿಹಾಕಿದರು. ಈಗ ಅಲ್ಲಿರುವುದು ಕ್ವಾಬಿನ್ ಜಲಾಶಯ. ಅಳಿಯನ ಮುತ್ತಜ್ಜನ ಮುತ್ತಜ್ಜ ಎನ್‌ಫೀಲ್ಡಿನವನು.

ಜನಗಣತಿ ಭಾಗ ನನ್ನದೇ. ಟೀಚರಾಗಿದ್ದಾಗ ಗಣತಿ ಡ್ಯೂಟಿ ಮಾಡಿ ಮನೆಮನೆ ತಿರುಗಿದವಳು ನಾನು. ಅಮೆರಿಕದ ಮೊದಲ ಗಣತಿ 1790ರದ್ದು. ಆದರೆ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ಬರೀ ಲೆಕ್ಕ: ಇಷ್ಟು ಗಂಡಸರು, ಇಷ್ಟು ಹೆಂಗಸರು. ಮನೆಯಲ್ಲಿದ್ದ ಎಲ್ಲರ ಹೆಸರು ಬರುವುದು 1850ರಿಂದ, ಅದೂ ಗುಲಾಮರಲ್ಲದವರದ್ದು ಮಾತ್ರ. ನಾವು ಹುಡುಕುತ್ತಿದ್ದ ಮುತ್ತಜ್ಜ 1790, 1800, 1810ರಲ್ಲಿ ಗ್ರೀನ್‌ವಿಚ್‌ನಲ್ಲಿ ಇದ್ದಾನೆ. 1820ಕ್ಕೆ ನಾಪತ್ತೆ. ಮಗಳು ನ್ಯೂಯಾರ್ಕ್, ಒಹಾಯೋ ಎಲ್ಲ ಹುಡುಕಿ ಸುಸ್ತಾದಳು. ಪಾಪ, ಅವನು ಎಲ್ಲಿಗೂ ಹೋಗಿರಲಿಲ್ಲ. 1816ರಲ್ಲಿ ಗ್ರೀನ್‌ವಿಚ್‌ನ ದಕ್ಷಿಣ ಭಾಗಕ್ಕೆ ಬೆಲ್ಚರ್‌ಟೌನಿನ ಒಂದು ತುಂಡು ಸೇರಿಸಿ ಎನ್‌ಫೀಲ್ಡ್ ಮಾಡಿದ್ದರು. ಅದೇ ಹೊಲ, ಅದೇ ಮನೆ, ಊರಿನ ಹೆಸರು ಬೇರೆ ಅಷ್ಟೇ. ಹಾಗಾಗಿ ನಿಮ್ಮವರು ಕಾಣೆಯಾದರೆ ಮೊದಲು ಆ ಊರಿನ ಗಡಿ ಯಾವಾಗ ಬದಲಾಯಿತು ನೋಡಿ.

ಇನ್ನೊಂದು ಗಂಟು ಮಾತ್ರ ಆಗ ಬಿಡಿಸಲಾಗಲಿಲ್ಲ. ಹೆಂಗಸರ ಲೆಕ್ಕ ವಯಸ್ಸಿನ ಕಾಲಂಗಳಲ್ಲಿದೆ. 1810ರಲ್ಲಿ ಅವನ ಹೆಂಡತಿ 45 ದಾಟಿದವರ ಕಾಲಂನಲ್ಲಿದ್ದಾಳೆ. 1820ರಲ್ಲಿ 26ರಿಂದ 45ರ ಕಾಲಂಗೆ ಬಂದಿದ್ದಾಳೆ. ಹತ್ತು ವರ್ಷದಲ್ಲಿ ವಯಸ್ಸು ಇಳಿಯೋಕೆ ಸಾಧ್ಯ ಇದೆಯಾ?

ಅವನ ಸಮಾಧಿ ನೋಡಲು ಹೊರಟಿದ್ದು ಅಕ್ಟೋಬರ್‌ನಲ್ಲಿ. ಅದೇ ತಪ್ಪು. ಕೆಂಪು ಎಲೆ ನೋಡಲು ಊರಿಗೆ ಊರೇ ಬರುವ ಕಾಲ. ಅಳಿಯ ಶನಿವಾರ ಕಾರಿನಲ್ಲಿ ಬರುತ್ತೇನೆ ಎಂದಿದ್ದ. ನಾನೂ ಮಗಳೂ ಶುಕ್ರವಾರವೇ ಬಾಸ್ಟನ್‌ನಲ್ಲಿ ಬಸ್ಸು ಹತ್ತಿದೆವು. ಸ್ಪ್ರಿಂಗ್‌ಫೀಲ್ಡಿಗೆ ಎರಡು ಗಂಟೆಯೂ ಬೇಡದ ದಾರಿ. ನಮಗೆ ಐದು ಗಂಟೆ ಹಿಡಿಯಿತು. ಹೊರಗೆ ಚಳಿ, ಒಳಗೆ ಎಸಿ. ಡ್ರೈವರಿಗೆ ಹೇಳಿದರೆ "ಸ್ವಿಚ್ ಕೆಟ್ಟಿದೆ" ಎಂದ. ಆಮೇಲೆ ಬಸ್ಸೇ ಕೆಟ್ಟಿತು. ಒಂದೂವರೆ ಗಂಟೆ ಹೈವೇ ಪಕ್ಕದಲ್ಲಿ ಶಾಲು ಹೊದ್ದು ಕೂತೆವು. ಅಲ್ಲಿಂದ ವೇರ್ ಎಂಬ ಊರಿಗೆ ಟ್ಯಾಕ್ಸಿಗೆ 80 ಡಾಲರ್. ರೂಮಿಗೆ ರಾತ್ರಿಗೆ 260 ಡಾಲರ್, ಕಾರ್ಪೆಟ್ ಒದ್ದೆ ನಾಯಿಯ ವಾಸನೆ. ನೀವು ಹೋಗುವುದಾದರೆ ಏಪ್ರಿಲ್ ಕೊನೆಗೆ ಹೋಗಿ, ಕಾರಿನಲ್ಲೇ ಹೋಗಿ.

ಆ ಊರಿನ ಮರ್ಯಾದೆ ಉಳಿಸಿದ್ದು ರಸ್ತೆ ಬದಿಯ ಒಂದು ಡೈನರ್. ಹನ್ನೆರಡು ಸ್ಟೂಲು, ಒಂದು ಕಾವಲಿ, ಅದರ ಮುಂದೆ ನನ್ನ ವಯಸ್ಸಿನ ಒಬ್ಬಾಕೆ. ಬೆಂದ ಆಲೂಗಡ್ಡೆಯನ್ನು ಹೆಚ್ಚಿ, ಈರುಳ್ಳಿ ಜತೆ ಕಾವಲಿಗೆ ಹಾಕಿ, ಕೆಳಗೆ ಕೆಂಪಗೆ ಸೀದುಕೊಳ್ಳುವವರೆಗೆ ಮುಟ್ಟುವುದೇ ಇಲ್ಲ. ನಮ್ಮ ದೋಸೆಯ ಪಲ್ಯಕ್ಕೆ ಒಗ್ಗರಣೆ ಮರೆತ ಹಾಗೆ, ಆದರೆ ಏನು ರುಚಿ! ಬೇಕನ್ (ಹಂದಿಮಾಂಸ) ಹುರಿದ ಜಾಗಕ್ಕೆ ಹಾಕಬೇಡಿ ಎಂದಿದ್ದಕ್ಕೆ ಒಂದು ಮೂಲೆ ಉಜ್ಜಿ ತೊಳೆದು ಬೆಣ್ಣೆಯಲ್ಲಿ ಮಾಡಿಕೊಟ್ಟಳು. ನಾನು ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದೆ. ಅವಳಿಗೂ ಒಂದು ಕೊಟ್ಟೆ. ಕಣ್ಣು ಮುಚ್ಚಿ, ಮುಖ ಹಿಂಡಿ, ಇನ್ನೊಂದು ಕೇಳಿದಳು. ಕಾಫಿ ಎಷ್ಟು ಸಲ ಬೇಕಾದರೂ. ಇಬ್ಬರಿಗೂ ಸೇರಿ 17 ಡಾಲರ್. ಮೂರು ಹೊತ್ತೂ ಅಲ್ಲೇ ತಿಂದೆವು.

ಈಗ ಸ್ಮಶಾನ. ಜಲಾಶಯ ಕಟ್ಟುವ ಮೊದಲು ಏಳು ಸಾವಿರಕ್ಕೂ ಜಾಸ್ತಿ ಸಮಾಧಿಗಳನ್ನು ಎತ್ತಿದರು. ಹೆಚ್ಚಿನವು ಬಂದಿದ್ದು ವೇರ್‌ನ ಕ್ವಾಬಿನ್ ಪಾರ್ಕ್ ಸೆಮೆಟರಿಗೆ, ರೂಟ್ 9ರ ಪಕ್ಕ. ಕಲ್ಲುಗಳನ್ನೂ ಜತೆಗೇ ತಂದರು. ನಮ್ಮಲ್ಲಿ ತೊಲೆ, ಹೆಂಚು ಹೊತ್ತುಕೊಂಡು ಬಂದಿದ್ದೆವು. ಇವರು ಹಿರಿಯರನ್ನೇ ಹೊತ್ತು ತಂದಿದ್ದಾರೆ. ಬೆಲ್ಚರ್‌ಟೌನಿನ ವಿಸಿಟರ್ ಸೆಂಟರ್‌ನಲ್ಲಿ ಮೊದಲು ವಿಚಾರಿಸಿಕೊಂಡು ಹೋಗಿ, ಸುಮ್ನೆ ಅಲೆಯಬೇಡಿ. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ. ಉಣುಗು ಇಲ್ಲೂ ಇವೆ, ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸೀಮೆಯವಳು ನಾನು, ಈ ಮಾತು ಕೇಳಿ.

ನಮ್ಮವನ ಕಲ್ಲು ಅಮೃತಶಿಲೆ. ಸಕ್ಕರೆ ಕರಗಿದ ಹಾಗೆ ಅಕ್ಷರವೆಲ್ಲ ಸವೆದಿದೆ. ಬ್ರಷ್, ಸೀಮೆಸುಣ್ಣ, ಶೇವಿಂಗ್ ಕ್ರೀಮ್ ಏನೂ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಅಳಿಯ ಒಂದು ಉದ್ದ ಕನ್ನಡಿ ತಂದಿದ್ದ. ಬಿಸಿಲನ್ನು ಪಕ್ಕದಿಂದ ಅಡ್ಡಲಾಗಿ ಬೀಳುವಂತೆ ಹಿಡಿದ. ಮೊದಲು 1842 ಎದ್ದು ಬಂತು. ಆಮೇಲೆ ವಯಸ್ಸು, 84. ಮಗಳು ಫೋನ್ ತೆಗೆದು ನೋಡಿದಳು. 1840ರ ಗಣತಿಯಲ್ಲಿ ಸ್ವಾತಂತ್ರ್ಯ ಯುದ್ಧದ ಪೆನ್ಷನ್ ಪಡೆಯುವವರ ಹೆಸರು, ವಯಸ್ಸು ಬೇರೆಯಾಗಿ ಬರೆದಿದ್ದಾರೆ. ಅಲ್ಲಿ 82. ಸರಿಹೋಯಿತು.

ಪಕ್ಕದಲ್ಲಿ ಕಪ್ಪು ಸ್ಲೇಟು ಕಲ್ಲು, ನಾವು ಮಕ್ಕಳಿಗೆ ಬರೆಯಲು ಕೊಡುತ್ತಿದ್ದ ಸ್ಲೇಟಿನ ಜಾತಿಯದೇ. ಗಂಡನ ಕಲ್ಲಿಗಿಂತ ಮೂವತ್ತು ವರ್ಷ ಹಳೆಯದು, ಆದರೆ ನಿನ್ನೆ ಕೆತ್ತಿದ ಹಾಗಿದೆ. ಮೇಲೆ ಜೋತುಬಿದ್ದ ಮರ, ಒಂದು ಕಲಶ. 'ಕನ್ಸಾರ್ಟ್' ಅಂತ ಬರೆದಿತ್ತು. ಅಂದರೆ ಮುತ್ತೈದೆಯಾಗಿ ಹೋದವಳು. 1811, ವಯಸ್ಸು 48. ಆಚೆ ಪಕ್ಕದ ಕಲ್ಲಿನಲ್ಲಿ 'ರೆಲಿಕ್ಟ್', ಅಂದರೆ ವಿಧವೆ, ಅವನ ಎರಡನೇ ಹೆಂಡತಿ. 1820ರ ಕಾಲಂನಲ್ಲಿ ವಯಸ್ಸು ಇಳಿಸಿಕೊಂಡವಳು ಇವಳೇ!

ಎನ್‌ಫೀಲ್ಡ್ ಲುಕ್‌ಔಟ್ ಅಂತ ಮುಳುಗಿದ ಊರಿನ ಕಡೆ ನೋಡುವ ಜಾಗವಿದೆ. ಸೆಲ್ಫಿಯವರ ಗದ್ದಲ, ನನಗೆ ಆಗಲಿಲ್ಲ, ಕಾರಿನಿಂದ ಇಳಿಯಲೇ ಇಲ್ಲ. ಅಳಿಯ ಮಾತ್ರ ಬಹಳ ಹೊತ್ತು ನಿಂತಿದ್ದ. ವಾಪಸ್ ಬಂದು "ಅತ್ತೆ, ನಿಮ್ಮ ಊರು ಕಾಣುತ್ತದಾ?" ಎಂದು ಕೇಳಿದ. ಬೇಸಿಗೆಯಲ್ಲಿ ನೀರು ಇಳಿದರೆ ಹಿರೇಭಾಸ್ಕರದ ಹಳೇ ಅಣೆಕಟ್ಟು ಕಾಣುತ್ತದೆ, ಮೇ ತಿಂಗಳಲ್ಲಿ ಬಾ ಎಂದಿದ್ದೇನೆ. ಬಸ್ಸಿನಲ್ಲಿ ಮಾತ್ರ ಬೇಡವಂತೆ.