ಜಾನ್ ಹೆಡ್‌ನ ಲೆಕ್ಕದ ಪುಸ್ತಕ ಓದುವಾಗ ತಿಂಗಳು ತಪ್ಪದಿರಲಿ

ಫಿಲಡೆಲ್ಫಿಯಾದ ಬಡಗಿ ಜಾನ್ ಹೆಡ್ 1718ರಿಂದ 1753ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕ ಈಗ ಅಲ್ಲಿನ ಅಮೆರಿಕನ್ ಫಿಲಾಸಾಫಿಕಲ್ ಸೊಸೈಟಿಯಲ್ಲಿದೆ. ಡ್ರಾಯರ್ ಪೆಟ್ಟಿಗೆ, ಮೇಜು, ಶವಪೆಟ್ಟಿಗೆ, ಗಡಿಯಾರ ತಯಾರಕ ಪೀಟರ್ ಸ್ಟ್ರೆಚ್‌ನ ಗಡಿಯಾರಗಳಿಗೆ ಮರದ ಗೂಡು, ಎಲ್ಲವೂ ಅದರಲ್ಲಿ ದಾಖಲಾಗಿವೆ.

ಓದುವವರು ಮೊದಲು ಎಡವುವುದು ತಾರೀಕಿನಲ್ಲಿ. ಹೆಡ್ ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಆ ಪಂಥದವರು ಆಗ ತಿಂಗಳ ಹೆಸರು ಬರೆಯುತ್ತಿರಲಿಲ್ಲ, ಸಂಖ್ಯೆ ಹಾಕುತ್ತಿದ್ದರು. 1752ಕ್ಕೆ ಮೊದಲು ಒಂದನೇ ತಿಂಗಳೆಂದರೆ ಮಾರ್ಚ್. ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ '11ನೇ ತಿಂಗಳು 1725' ಎಂದಿದ್ದರೆ ಅದು ನವೆಂಬರ್ ಅಲ್ಲ, ನಮ್ಮ ಲೆಕ್ಕದ 1726ರ ಜನವರಿ. ಇಲ್ಲಿ ತಪ್ಪಿದರೆ ಪೀಠೋಪಕರಣದ ಕಾಲವೂ ತಪ್ಪುತ್ತದೆ, ಶವಪೆಟ್ಟಿಗೆಯ ಲೆಕ್ಕ ನೋಡಿ ಸಾವಿನ ದಿನ ಹುಡುಕುವ ವಂಶಾವಳಿಯೂ ಕೆಡುತ್ತದೆ.

ಇನ್ನು ಹಣ. 3-10-6 ಅಂದರೆ 3 ಪೌಂಡ್, 10 ಶಿಲ್ಲಿಂಗ್, 6 ಪೆನ್ಸ್. 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಇದು ಪೆನ್ಸಿಲ್ವೇನಿಯಾ ಪೌಂಡ್; ಬೆಲೆಯಲ್ಲಿ ಇಂಗ್ಲೆಂಡಿನ ಸ್ಟರ್ಲಿಂಗ್‌ಗಿಂತ ಕಡಿಮೆ. ಲಂಡನ್ ದರಕ್ಕೆ ನೇರವಾಗಿ ಹೋಲಿಸಿದರೆ ಹೆಡ್ ದುಬಾರಿ ಬಡಗಿಯಂತೆ ಕಾಣುತ್ತಾನೆ, ಪಾಪ!

ಬಾಕಿಯ ಪುಟ ಮಾತ್ರ ನಕಲು ಮಾಡಿಕೊಂಡು ಜಮಾ ಬದಿಯನ್ನು ಬಿಡುವವರಿದ್ದಾರೆ. ನನ್ನ ಮಟ್ಟಿಗೆ ಜಮಾ ಬದಿಯೇ ಹೆಚ್ಚು ರುಚಿ. ನಗದು ವಿರಳವಾಗಿದ್ದ ಆ ಊರಲ್ಲಿ ಗಿರಾಕಿಗಳು ಸಾಮಾನು, ದುಡಿಮೆ ಕೊಟ್ಟು ಸಾಲ ತೀರಿಸುತ್ತಿದ್ದರು.